ಬಿಸಿಯಾದಾಗ ಮಾತ್ರ ಮುಷ್ಕರ ಹೂಡುವ ಸ್ಟಾರ್ಟರ್

ಮಕ್ಕಳೇ, ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುವ ಕಾರು ಬದಿಯಡ್ಕದಿಂದ ಕಾಸರಗೋಡಿಗೆ ಹೋಗಿ ಹತ್ತು ನಿಮಿಷ ನಿಂತಿತು ಅಂತ ಇಟ್ಟುಕೊಳ್ಳಿ. ಮತ್ತೆ ಕೀಲಿ ತಿರುಗಿಸಿದರೆ ಬರೀ 'ಟಕ್' ಎಂಬ ಸದ್ದು! ಅರ್ಧ ಗಂಟೆ ಕಳೆದ ಮೇಲೆ ಏನೂ ಆಗದ ಹಾಗೆ ಹೊರಡುತ್ತದೆ. "ಬ್ಯಾಟರಿ ಹೋಯ್ತು, ಹೊಸದು ಹಾಕಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದುಡ್ಡು ಕೊಡುವ ಮೊದಲು ನಾವು ಸ್ವಲ್ಪ ಯೋಚಿಸೋಣ.

ಕೀಲಿ ತಿರುಗಿಸಿದಾಗ ಸ್ಟಾರ್ಟರಿನ ಮೇಲಿರುವ ಒಂದು ವಿದ್ಯುತ್ಕಾಂತ ಕಬ್ಬಿಣದ ದಂಡವನ್ನು ಎಳೆಯುತ್ತದೆ. ಇದಕ್ಕೆ ಸಾಲಿನಾಯ್ಡ್ ಎಂದು ಹೆಸರು. ಆ ದಂಡ ಸರಿಯಾಗಿ ಎಳೆದರೆ ಮಾತ್ರ ಮೋಟಾರಿಗೆ ದೊಡ್ಡ ವಿದ್ಯುತ್ ಪ್ರವಾಹ ಸಿಗುತ್ತದೆ. ಎಂಜಿನ್ ನಿಂತ ಮೇಲೆ ಅದರ ಶಾಖ ಪಕ್ಕದಲ್ಲೇ ಇರುವ ಸ್ಟಾರ್ಟರಿಗೆ ಹರಿಯುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4 ಶೇಕಡಾ ಹೆಚ್ಚುತ್ತದೆ. 30 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ ಸುರುಳಿಯ ರೋಧ ಕಾಲು ಭಾಗದಷ್ಟು ಜಾಸ್ತಿ. ಓಮ್‌ನ ನಿಯಮದಂತೆ ಪ್ರವಾಹ ಐದರಲ್ಲಿ ಒಂದು ಪಾಲು ಕಡಿಮೆ, ಎಳೆತವೂ ಕಡಿಮೆ.

ಒಳ್ಳೆಯ ಸ್ಟಾರ್ಟರ್ ಇಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ಕೇಬಲ್ಲಿನ ತುದಿಯಲ್ಲಿ ಕಿಲುಬು ಹಿಡಿದಿದ್ದರೆ ಕಷ್ಟ. ಅಲ್ಲಿ 0.01 ಓಮ್ ರೋಧವಿದೆ ಅನ್ನಿ. 5 ಆಂಪಿಯರ್ ಎಳೆಯುವ ದೀಪಕ್ಕೆ ನಷ್ಟ 0.05 ವೋಲ್ಟ್ ಮಾತ್ರ. 150 ಆಂಪಿಯರ್ ಎಳೆಯುವ ಸ್ಟಾರ್ಟರಿಗೆ ನಷ್ಟ 1.5 ವೋಲ್ಟ್! ಅದಕ್ಕೇ ದೀಪ ಚೆನ್ನಾಗಿ ಉರಿದರೂ ಸ್ಟಾರ್ಟರ್ ತಿರುಗದಿರಬಹುದು.

ದೋಷ ಎಲ್ಲಿದೆ ಎಂದು ತಿಳಿಯಲು ವೋಲ್ಟ್‌ಮೀಟರ್ ಸಾಕು. ಇದನ್ನು ದೊಡ್ಡವರೇ ಮಾಡಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ನೀವು ನೋಡಿ ಬರೆದುಕೊಳ್ಳಿ. ಕೀಲಿ ತಿರುಗಿಸಿ ಹಿಡಿದಿರುವಾಗಲೇ ಅಳೆಯಬೇಕು.

1. ಬ್ಯಾಟರಿಯ ಎರಡು ತುದಿಗಳ ನಡುವೆ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿಯನ್ನು ಪರೀಕ್ಷಿಸಿ.
2. ಬ್ಯಾಟರಿಯ ಧನ ತುದಿಗೂ ಸ್ಟಾರ್ಟರಿನ ದಪ್ಪ ಕೇಬಲ್ ಕೂಡುವ ಬೋಲ್ಟಿಗೂ ನಡುವೆ, ಹಾಗೆಯೇ ಋಣ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕೇಬಲ್, ಜೋಡಣೆ ನೋಡಿ.
3. ಸಾಲಿನಾಯ್ಡಿಗೆ ಹೋಗುವ ಸಣ್ಣ ವೈರಿನಲ್ಲಿ ವೋಲ್ಟೇಜ್ ತೀರಾ ಕಡಿಮೆಯಿದ್ದರೆ ಕೀಲಿಯ ಸ್ವಿಚ್, ವೈರಿಂಗ್ ನೋಡಿ.
4. ಎಲ್ಲವೂ ಸರಿಯಿದ್ದರೆ ದೋಷ ಸ್ಟಾರ್ಟರಿನಲ್ಲೇ.

ಒಂದು ಮಾತು ಮರೆಯಬೇಡಿ: ದೋಷ ಕಾಣಿಸಿಕೊಂಡ ಬಿಸಿಯಲ್ಲೇ ಅಳೆಯಬೇಕು. ತಣ್ಣಗಾದ ಮೇಲೆ ಅಳೆದರೆ ಎಲ್ಲವೂ ಸರಿ ಅಂತಲೇ ಕಾಣುತ್ತದೆ.

ಮಾಡಿ ನೋಡಿ: ತೆಳು ಕಬ್ಬಿಣದ ತಂತಿಯ ಸುರುಳಿ, ಟಾರ್ಚ್ ಬಲ್ಬ್, ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿ. ಶಿಕ್ಷಕರ ಎದುರಿನಲ್ಲಿ ಸುರುಳಿಯನ್ನು ಸ್ಪಿರಿಟ್ ದೀಪದಿಂದ ಕಾಯಿಸಿ. ಬಲ್ಬಿನ ಬೆಳಕು ಏನಾಯಿತು? ಕಾರಣ ಬರೆಯಿರಿ.