ಪ್ರತಿಮೆಗೂ ಮೊದಲು ಪಹಣಿ

ಕಾರ್ಕಳವನ್ನಾಳಿದ ಭೈರರಸರ ನೆನಪಿಗೆ ಪೇಟೆಯ ನಡುವೆ ಒಂದು ಪ್ರತಿಮೆ ಆಗಬೇಕು ಎಂದು ನಾಳೆ ಯಾರಾದರೂ ಪುರಸಭೆಗೆ ಮನವಿ ಕೊಟ್ಟರೆ, ಆ ಆಸೆಯಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಬೆಟ್ಟದ ಮೇಲಿನ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದವನು ಆ ವಂಶದ ವೀರಪಾಂಡ್ಯ. ಅದರೆದುರಿನ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದವನು ಇಮ್ಮಡಿ ಭೈರರಸ. ಆದರೆ ಹೊಸ ಪ್ರತಿಮೆಗೆ ಜಾಗ ಹುಡುಕಲು ಹೊರಟವರಿಗೆ ಮೊದಲು ಅಡ್ಡ ಬರುವುದು ಆ ಅರಸರೇ ಬಿಟ್ಟುಹೋದ ಈ ಎರಡು ಸ್ಮಾರಕಗಳು. ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಸಾರ್ವಜನಿಕ ಕಾಮಗಾರಿ ಎಂಬ ಹೆಸರಿನಲ್ಲೂ ಹೊಸ ನಿರ್ಮಾಣಕ್ಕೆ ಅನುಮತಿ ಕೊಡುವಂತಿಲ್ಲ. ನಿಯಂತ್ರಿತ ವಲಯದಲ್ಲಾದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಪಡೆದು ಸಕ್ಷಮ ಪ್ರಾಧಿಕಾರ ಒಪ್ಪಬೇಕು. ಮೀರಿ ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪ್ರತಿಮೆ ಯಾರದ್ದಾಗಬೇಕು ಎಂಬ ಬಗ್ಗೆ ನಮ್ಮ ಊರುಗಳಲ್ಲಿ ಗಂಟಲು ಹರಿಯುವಷ್ಟು ಚರ್ಚೆಯಾಗುತ್ತದೆ. ಆ ವಿಚಾರದಲ್ಲಿ ಕಾನೂನು ಹೆಚ್ಚು ಮಾತಾಡುವುದಿಲ್ಲ. ಎಲ್ಲಿ, ಯಾರ ಜಾಗದಲ್ಲಿ, ಯಾರ ದುಡ್ಡಿನಲ್ಲಿ, ಯಾವ ಲೋಹದಲ್ಲಿ ಎಂಬ ಪ್ರಶ್ನೆಗಳಿಗೆ ಮಾತ್ರ ಅದು ಉತ್ತರ ಕೇಳುತ್ತದೆ. ಆ ಉತ್ತರಗಳನ್ನು ಕಾಗದದ ಮೇಲೆ ಪಡೆಯುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇದೆ. ಆ ಹಕ್ಕನ್ನು ಪರದೆ ಸರಿಯುವ ದಿನಕ್ಕಿಂತ ಮೊದಲೇ ಬಳಸಬೇಕು.

ಇದಕ್ಕೆ ಕಾರ್ಕಳ ತಾಲೂಕಿನಲ್ಲೇ ಉದಾಹರಣೆ ಇದೆ. ಬೈಲೂರಿನ ಉಮಿಕಲ್ ಬೆಟ್ಟದ ಪರಶುರಾಮ ಥೀಮ್ ಪಾರ್ಕನ್ನು 2023ರ ಜನವರಿ 27ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಉದ್ಘಾಟಿಸಿದರು. ಪರಶುರಾಮ ಇತಿಹಾಸದ ಅರಸನಲ್ಲ, ಕಡಲನ್ನು ಹಿಂದೆ ಸರಿಸಿ ಈ ನೆಲವನ್ನು ಪಡೆದವನೆಂದು ಕರಾವಳಿಯ ಸ್ಥಳಪುರಾಣ ನಂಬುವವನು. 33 ಅಡಿ ಎತ್ತರದ ಪ್ರತಿಮೆ ಕಂಚಿನದು ಎಂದು ಜನರಿಗೆ ಹೇಳಲಾಗಿತ್ತು. ಕಾಮಗಾರಿಯ ಹೊಣೆ ನಿರ್ಮಿತಿ ಕೇಂದ್ರದ್ದು. ಕೆಲವೇ ತಿಂಗಳಲ್ಲಿ ಲೋಹದ ಬಗ್ಗೆ ಅನುಮಾನ ಎದ್ದಿತು, ಅದೇ ವರ್ಷ ಮೂರ್ತಿಯ ಮೇಲ್ಭಾಗವನ್ನು ಕಳಚಿ ಒಯ್ಯಲಾಯಿತು, ಆಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಪ್ರಕರಣ ರದ್ದುಪಡಿಸಬೇಕೆಂದು ಶಿಲ್ಪಿ ಸಲ್ಲಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು. ತಪ್ಪು ಯಾರದ್ದು ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಬಿಸಿಲಲ್ಲಿ ಬೆಟ್ಟ ಹತ್ತಿ ಅರ್ಧ ಮೂರ್ತಿ ನೋಡಿ ಇಳಿದ ಜನರಿಗೆ ಆದ ನೋವು ಯಾವ ತೀರ್ಪಿಗೂ ಕಾಯಬೇಕಾದದ್ದಲ್ಲ.

ಆ ನೋವನ್ನು ತಡೆಯಬಹುದಾಗಿದ್ದ ಒಂದು ಸಾಲು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದೆ. ಹೆಚ್ಚಿನವರಿಗೆ ಈ ಕಾಯ್ದೆಯೆಂದರೆ ಜೆರಾಕ್ಸ್ ಪ್ರತಿ ಪಡೆಯುವ ದಾರಿ ಎಂದಷ್ಟೇ ಗೊತ್ತು. ಕಲಂ 2(ಜೆ) ಓದಿದರೆ ಹಕ್ಕಿನ ಅಳತೆ ದೊಡ್ಡದು: ಕಾಮಗಾರಿಯನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಬಹುದು, ಕಡತ ನೋಡಿ ಟಿಪ್ಪಣಿ ಮಾಡಿಕೊಳ್ಳಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು. ರಸ್ತೆಯಾದರೆ ಡಾಂಬರು, ಕಟ್ಟಡವಾದರೆ ಸಿಮೆಂಟು, ಮೂರ್ತಿಯಾದರೆ ಲೋಹದ ಚೂರು. ಕೆಲಸ ನಡೆಯುತ್ತಿರುವಾಗಲೇ ಕೇಳಬೇಕು ಎನ್ನುವುದಕ್ಕೆ ಕಾರಣವಿದೆ. ಪೊಲೀಸ್ ತನಿಖೆ ಶುರುವಾದ ಮೇಲೆ, ಮಾಹಿತಿ ಕೊಟ್ಟರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದು ಕಲಂ 8(1)(ಎಚ್) ತೋರಿಸಿ ಕಚೇರಿ ನಿರಾಕರಿಸಬಹುದು.

ಅರ್ಜಿ ಬರೆಯುವುದು ಕಷ್ಟವಲ್ಲ. ಕರ್ನಾಟಕದಲ್ಲಿ ನಮೂನೆ-ಎ, ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಈ ಮಿತಿ ಮರೆತು ಊರಿನ ಕಷ್ಟವನ್ನೆಲ್ಲ ಒಂದೇ ಹಾಳೆಯಲ್ಲಿ ತುಂಬಿದರೆ ಅರ್ಜಿ ವಾಪಸ್ ಬರುತ್ತದೆ. ಹೀಗೆ ಬರೆದರೆ ಸಾಕು: “ಇಂಥ ಸ್ಥಳದ ಪ್ರತಿಮೆ ಕಾಮಗಾರಿಗೆ ಸಂಬಂಧಿಸಿ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕ, ಲೋಹದ ಪರೀಕ್ಷಾ ವರದಿ ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ನೀಡಬೇಕು, ಕಡತ ಮತ್ತು ಕಾಮಗಾರಿ ಪರಿಶೀಲನೆಗೆ ದಿನಾಂಕ ತಿಳಿಸಬೇಕು.” ಟೆಂಡರ್ ಕರೆದಿದ್ದಾರೆಯೇ, ಇಲ್ಲವಾದರೆ 1999ರ ಪಾರದರ್ಶಕತೆ ಕಾಯ್ದೆಯ ಕಲಂ 4(ಜಿ) ಅಡಿ ವಿನಾಯಿತಿ ಪಡೆದಿದ್ದಾರೆಯೇ ಎಂಬುದನ್ನು ಇನ್ನೊಂದು ಅರ್ಜಿಯಲ್ಲಿ ಕೇಳಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ.

ಲೋಹಕ್ಕಿಂತ ಮೊದಲಿನ ಪ್ರಶ್ನೆ ನೆಲದ್ದು. ಪ್ರತಿಮೆ ನಿಲ್ಲಿಸುವ ಸರ್ವೆ ನಂಬರಿನ ಪಹಣಿಯನ್ನು ‘ಭೂಮಿ’ ಕೇಂದ್ರದಿಂದ ಯಾರು ಬೇಕಾದರೂ ತೆಗೆಸಬಹುದು. ಅದರಲ್ಲಿ ಗೋಮಾಳ ಎಂದಿದ್ದರೆ ಆ ಜಾಗ ಭೂಕಂದಾಯ ಕಾಯ್ದೆಯ ಕಲಂ 71ರ ಅಡಿ ದನಕರುಗಳಿಗೆಂದು ಕಾದಿರಿಸಿದ್ದು. ಬೇರೆ ಉಪಯೋಗಕ್ಕೆ ಕೊಡಬೇಕಾದರೆ ಅದಕ್ಕೊಂದು ಆದೇಶ ಆಗಿರಬೇಕು. ಅವಿಭಜಿತ ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಕುಮ್ಕಿಯ ಪ್ರಶ್ನೆಯೂ ಇದೆ. ವರ್ಗ ಜಮೀನಿನವರು ಸೊಪ್ಪು, ಸೌದೆಗೆ ಬಳಸುತ್ತ ಬಂದ ಈ ಸರ್ಕಾರಿ ಜಾಗದ ಮೇಲಿನ ಸವಲತ್ತನ್ನು ಅದೇ ಕಾಯ್ದೆಯ ಕಲಂ 79 ಉಳಿಸಿಕೊಟ್ಟಿದೆ. ಗುಡ್ಡದ ತಲೆಯಲ್ಲಿ ಪೀಠ ಕಟ್ಟುವ ಮೊದಲು ಗುಡ್ಡದ ಬುಡದ ಮನೆಯವರನ್ನು ಕೇಳುವುದು ಬರಿಯ ಸೌಜನ್ಯದ ಮಾತಲ್ಲ.

ಉಡುಪಿ, ಮಣಿಪಾಲದ ಸಂಗತಿ ಬೇರೆ. ಇಲ್ಲಿ ಎಲ್ಲರ ಕಣ್ಣು ಸರ್ಕಲ್‌ಗಳ ಮೇಲೆ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಅಲ್ಲೇ ಅನ್ವಯವಾಗುತ್ತದೆ: ಸಾರ್ವಜನಿಕ ರಸ್ತೆ, ಕಾಲುದಾರಿ, ರಸ್ತೆಬದಿ ಮತ್ತಿತರ ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು. ದೀಪದ ಕಂಬ, ಸಂಚಾರ ವ್ಯವಸ್ಥೆ, ರಸ್ತೆಯ ಅಭಿವೃದ್ಧಿ ಮತ್ತು ಸೌಂದರ್ಯೀಕರಣಕ್ಕೆ ಮಾತ್ರ ವಿನಾಯಿತಿ. ಈ ‘ಸೌಂದರ್ಯೀಕರಣ’ದ ಬಾಗಿಲಿನಿಂದಲೇ ಪ್ರತಿಮೆಗಳು ಒಳಬರಲು ನೋಡುತ್ತವೆ, ಹಾಗಾಗಿ ನಗರಸಭೆಯ ನಿರ್ಣಯದಲ್ಲಿ ಆ ಪದ ಕಂಡರೆ ಜೊತೆಗಿನ ನಕ್ಷೆಯನ್ನೂ ಕೇಳಬೇಕು. ಮಣಿಪಾಲದ ನಡುವೆ ಹಾದುಹೋಗುವ 169ಎ ಆಗಲಿ, ಕರಾವಳಿ ಬೈಪಾಸಿನ 66 ಆಗಲಿ ರಾಷ್ಟ್ರೀಯ ಹೆದ್ದಾರಿಗಳು. ಅವುಗಳ ಜಾಗದಲ್ಲಿ ನಗರಸಭೆಯ ಒಪ್ಪಿಗೆಯೊಂದೇ ಸಾಲದು. ಬಾಗಲಕೋಟೆಯಲ್ಲಿ 2023ರ ಆಗಸ್ಟ್‌ನಲ್ಲಿ ಅನುಮತಿಯಿಲ್ಲದೆ ನಿಲ್ಲಿಸಿದ ಶಿವಾಜಿ ಪ್ರತಿಮೆಯನ್ನು ಆಡಳಿತ ತೆರವು ಮಾಡಿತು, ನಿಷೇಧಾಜ್ಞೆ ಹೇರಬೇಕಾಯಿತು. ಅಭಿಮಾನಿಗಳಿಗೂ ಅವಮಾನ, ಊರಿಗೂ ಸಂಕಟ.

ಪಾರ್ಕಿನೊಳಗೆ ನಿಲ್ಲಿಸೋಣ ಎಂದರೆ 1985ರ ಉದ್ಯಾನವನ, ಆಟದ ಮೈದಾನಗಳ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬಡಾವಣೆಯ ನಿವಾಸಿಗಳೇ ಕೋರ್ಟಿಗೆ ಹೋದರು. 1991ರ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು, ಪಾರ್ಕ್ ಉಳಿಸಿಕೊಳ್ಳಲು ಪಕ್ಕದ ಮನೆಯವರಿಗೆ ದಾವೆ ಹೂಡುವ ಅಧಿಕಾರ ಉಂಟು ಎಂದಿತು.

ಕಾಪುವಿನಲ್ಲಿ 1901ರ ದೀಪಸ್ತಂಭದ ಬಂಡೆಯಂಥ ಜಾಗ ಕಂಡರೆ ಯಾರಿಗೂ ಒಂದು ಮೂರ್ತಿಯ ಕನಸು ಬೀಳಬಹುದು. ಆದರೆ ಅಲ್ಲಿ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ನಡೆಯುತ್ತದೆ. ನೀರಿನಲ್ಲಿ ಸ್ಮಾರಕ ಕಟ್ಟಲು ಅಪರೂಪದ ಪ್ರಸಂಗದಲ್ಲಷ್ಟೇ, ಪರಿಸರದ ರಕ್ಷಣಾ ಷರತ್ತುಗಳ ಜೊತೆ ಅವಕಾಶ. ಕಡಲ ಗಾಳಿಯ ಲೆಕ್ಕವೂ ಬೇರೆಯೇ ಇದೆ. ಮಹಾರಾಷ್ಟ್ರದ ಮಾಲ್ವಣದ ರಾಜಕೋಟ್ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ 35 ಅಡಿಯ ಶಿವಾಜಿ ಪ್ರತಿಮೆ 2024ರ ಆಗಸ್ಟ್ 26ರಂದು ಕುಸಿದು ಬಿತ್ತು. ಕಡಲತಡಿಯ ಯಾವ ಮೂರ್ತಿಗೂ ರಚನಾ ಸ್ಥಿರತೆಯ ಪ್ರಮಾಣಪತ್ರವನ್ನು ಕೇಳದೆ ಬಿಡಬಾರದು.

ಇಷ್ಟೆಲ್ಲ ದಾಖಲೆ ಕೈಗೆ ಬಂದು ತಪ್ಪು ಕಂಡರೆ ಮೊದಲ ಹೆಜ್ಜೆ ಲಿಖಿತ ಆಕ್ಷೇಪ. ಮುಖ್ಯಾಧಿಕಾರಿಗೆ ಅಥವಾ ಪೌರಾಯುಕ್ತರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು; ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. 1964ರ ಪುರಸಭೆಗಳ ಕಾಯ್ದೆಯ ಕಲಂ 306 ಅಡಿ ಕಾನೂನುಬಾಹಿರ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಹಣದ ದುರುಪಯೋಗದ ಗುಮಾನಿಯಿದ್ದರೆ ಪ್ರಮಾಣಪತ್ರ ಸಹಿತ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಆರೋಪದ ಕೃತ್ಯ ನಡೆದು 5 ವರ್ಷ ಮೀರಿರಬಾರದು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಕೊನೆಯ ದಾರಿ, ಅದೂ ಪೀಠ ಕಟ್ಟುವ ಮುಂಚೆ. ಕಟ್ಟಿ ಮುಗಿದ ಮೇಲೆ ಹೋದವರಿಗೆ ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆ ಎದುರಾಗುತ್ತದೆ. ಸಿಟ್ಟಿಗೆದ್ದು ಮೂರ್ತಿಗೆ ಕೈ ಹಾಕಿದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಆಕ್ಷೇಪಿಸಿದವರೇ ಆರೋಪಿಗಳಾಗುತ್ತಾರೆ.

ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಪಹಣಿ, ನಿರ್ಣಯದ ಪ್ರತಿ, ಸ್ವೀಕೃತಿ ಮುದ್ರೆಯಿರುವ ಆಕ್ಷೇಪ, ಈ ಮೂರೂ ಜೊತೆಗಿರಲಿ.