ತಂತಿರಹಿತ ಕ್ಯಾಮರಾಕ್ಕೂ ತಂತಿ ಬೇಕು

ಮನೆಯ ಹೊರಗೋಡೆಗೆ ಕಾವಲು ಕ್ಯಾಮರಾ ಹಾಕಿಸುವ ರೂಢಿ ಈಗ ಹಳ್ಳಿಗಳನ್ನೂ ತಲುಪಿದೆ. ಅಂಗಡಿಯವರು ಅದನ್ನು 'ವೈರ್‌ಲೆಸ್' ಎಂದು ಮಾರುವುದರಿಂದ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ತಂತಿಯ ನೆರವಿಲ್ಲದೆ ಸಾಗುವುದು ಚಿತ್ರ ಮಾತ್ರ. ಅದು ರೇಡಿಯೋ ಅಲೆಗಳಾಗಿ ವೈಫೈ ರೌಟರನ್ನು ಸೇರುತ್ತದೆ. ಕ್ಯಾಮರಾಕ್ಕೆ ಬೇಕಾದ ವಿದ್ಯುತ್ತು ಮಾತ್ರ ಸಾಮಾನ್ಯವಾಗಿ ತಂತಿಯಿಂದಲೇ ಬರಬೇಕು. ಬ್ಯಾಟರಿಯ ಕ್ಯಾಮರಾಗಳೂ ಉಂಟು. ಆದರೆ ಅವನ್ನು ಆಗಾಗ ಚಾರ್ಜು ಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ಜಗಲಿಯ ದೀಪದ ಪಾಯಿಂಟಿನಿಂದಲೇ ಕ್ಯಾಮರಾಕ್ಕೆ ಸಂಪರ್ಕ ಕೊಡಿಸಿದ್ದೆ. ಬೆಳಗಾಗುತ್ತಲೇ ಮನೆಯವರು ವಾಡಿಕೆಯಂತೆ ದೀಪ ಆರಿಸುವರು. ಅದರೊಡನೆ ಕ್ಯಾಮರಾವೂ ಕಣ್ಣು ಮುಚ್ಚುವುದು. ಅಂಗಳದ ತಾಮ್ರದ ಹಂಡೆ ಒಂದು ದಿನ ಹಗಲಿನಲ್ಲಿಯೇ ಕಳವಾದಾಗ ಈ ಸಂಗತಿ ಹೊಳೆಯಿತು. ಭೌತಶಾಸ್ತ್ರ ಕಲಿಸುವವನಿಗೆ ಇದು ನಾಚಿಕೆಯ ಮಾತೇ ಸರಿ.

ದೀಪದ ಹೋಲ್ಡರಿಗೆ ಬರುವ ಎರಡು ತಂತಿಗಳಲ್ಲಿ ಒಂದು ನ್ಯೂಟ್ರಲ್, ಇನ್ನೊಂದು ಸ್ವಿಚ್ಚನ್ನು ದಾಟಿ ಬಂದ ಫೇಸ್. ಸ್ವಿಚ್ಚು ಆರಿದೊಡನೆ ಫೇಸ್ ಕಡಿದುಹೋಗುತ್ತದೆ. ಆದುದರಿಂದ ಸ್ವಿಚ್‌ಬೋರ್ಡಿನೊಳಗೆ, ಸ್ವಿಚ್ಚಿಗಿಂತ ಮೊದಲೇ, ಫೇಸಿನಿಂದ ಮತ್ತೊಂದು ತಂತಿಯನ್ನು ತೆಗೆದು ಅದೇ ಪೈಪಿನಲ್ಲಿ ಹೊರಗೆ ಒಯ್ಯಬೇಕು. ನ್ಯೂಟ್ರಲ್ ಅನ್ನು ಆ ದೀಪದ ಸರ್ಕ್ಯೂಟಿನಿಂದಲೇ ಪಡೆಯತಕ್ಕದ್ದು. ಇದಕ್ಕೆ ಕಾರಣವುಂಟು. 12 ವ್ಯಾಟಿನ ಅಡಾಪ್ಟರು 230 ವೋಲ್ಟಿನಲ್ಲಿ ಸುಮಾರು 50 ಮಿಲಿಆಂಪಿಯರ್ ಎಳೆಯುತ್ತದೆ. ಹೋಗುವ ಹಾಗೂ ಮರಳುವ ಪ್ರವಾಹಗಳನ್ನು ತೂಗಿ ನೋಡುವ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚು ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಬೀಳುವಂಥದು. ಬೇರೊಂದು ಆರ್‌ಸಿಸಿಬಿಗೆ ಸೇರಿದ ನ್ಯೂಟ್ರಲ್ ಮೂಲಕ ಪ್ರವಾಹ ಮರಳಿದರೆ ಮನೆಯೇ ಕತ್ತಲಾದೀತು.

ಅಡಾಪ್ಟರನ್ನು ಒಳಗೇ ಇರಿಸಿ 5 ವೋಲ್ಟಿನ ತೆಳುತಂತಿಯನ್ನು ಗೇಟಿನವರೆಗೆ ಎಳೆದರೇನು ಎಂದು ಕೇಳುವವರುಂಟು. ಹತ್ತನೆಯ ತರಗತಿಯ ಓಮನ ನಿಯಮವೇ ಇದಕ್ಕೆ ಉತ್ತರ ಕೊಡುತ್ತದೆ. 0.5 ಚದರ ಮಿಲಿಮೀಟರಿನ ತಾಮ್ರದ ತಂತಿಯು 20 ಮೀಟರ್ ಹೋಗಿ ಬರುವಾಗ ಅದರ ರೋಧ ಸುಮಾರು 1.4 ಓಮ್. ಕ್ಯಾಮರಾಕ್ಕೆ 2 ಆಂಪಿಯರ್ ಬೇಕೆಂದಾದರೆ 2.8 ವೋಲ್ಟು ಹಾದಿಯಲ್ಲಿಯೇ ಕರಗುತ್ತದೆ, ಉಳಿಯುವ 2.2 ವೋಲ್ಟಿಗೆ ಕ್ಯಾಮರಾ ಏಳಲಾರದು. ರಾತ್ರಿ ಅತಿರಕ್ತ ದೀಪಗಳು ಹೊತ್ತಿಕೊಂಡಾಗ ಪ್ರವಾಹದ ಬೇಡಿಕೆ ಹೆಚ್ಚುವುದರಿಂದ, ಹಗಲೆಲ್ಲ ಸರಿಯಿದ್ದು ಕತ್ತಲಾದೊಡನೆ ಕೈಕೊಡುವ ಕ್ಯಾಮರಾಗಳಲ್ಲಿ ಈ ದೋಷವನ್ನು ಮೊದಲು ಹುಡುಕಬೇಕು. 230 ವೋಲ್ಟನ್ನೇ ಪೈಪಿನಲ್ಲಿ ಕ್ಯಾಮರಾದ ಸಮೀಪಕ್ಕೆ ಒಯ್ದು, ಮಳೆನೀರು ಹೊಗದ ಪೆಟ್ಟಿಗೆಯೊಳಗೆ ಅಡಾಪ್ಟರನ್ನು ಇಡುವುದು ಲೇಸು. ಪೆಟ್ಟಿಗೆ ಲೋಹದ್ದಾದರೆ ಹಸಿರು ಅರ್ಥ್ ತಂತಿಯನ್ನು ಅದಕ್ಕೆ ತಪ್ಪದೆ ಜೋಡಿಸಬೇಕು.

ಹಳೆಯ ಮನೆಗಳಲ್ಲಿ ತಂತಿಯ ಬಣ್ಣವನ್ನು ನಂಬಲಾಗದು. ಕಪ್ಪು ತಂತಿಯಲ್ಲಿ ಫೇಸ್ ಹರಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಮೇನ್ ಸ್ವಿಚ್ಚು ತೆಗೆದು, ಟೆಸ್ಟರಿನಿಂದ ನೋಡಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರ ಕೈಯಿಂದಲೇ ಈ ಕೆಲಸ ಮಾಡಿಸತಕ್ಕದ್ದು.

ಇನ್ವರ್ಟರು ಇರುವವರು ಆ ದೀಪದ ಸರ್ಕ್ಯೂಟು ಅದಕ್ಕೆ ಸೇರಿದೆಯೇ ಎಂದೂ ವಿಚಾರಿಸಬೇಕು. ರೌಟರಿಗೂ ಅದರಿಂದಲೇ ವಿದ್ಯುತ್ತು ದೊರೆಯುವಂತಿರಲಿ. ಕರೆಂಟು ಹೋದ ರಾತ್ರಿ ಕ್ಯಾಮರಾ ಎಚ್ಚರವಿದ್ದರೂ ರೌಟರು ನಿದ್ರಿಸಿದರೆ ಚಿತ್ರ ನಮ್ಮ ಫೋನಿಗೆ ಬಾರದು.