ಹಬ್ಬದ ಕೊಡುಗೆಯೂ ದಾಸೋಹಭಾವವೂ

ಶರಣರ ಆಚಾರದಲ್ಲಿ ಗಳಿಕೆಯ ಮಾರ್ಗಕ್ಕಿರುವಷ್ಟೇ ಮಹತ್ವ ಕೊಡುವ ರೀತಿಗೂ ಉಂಟು. ಗಳಿಸುವದು ಕಾಯಕದಿಂದ ಶುದ್ಧವಾಗಬೇಕು. ಗಳಿಸಿದ್ದು ದಾಸೋಹದಿಂದ ಸಾರ್ಥಕವಾಗಬೇಕು. ‘ದಾಸೋಹಂ’ ಎಂಬ ಪದವನ್ನು ಬಿಡಿಸಿದರೆ ‘ದಾಸಃ ಅಹಂ’, ನಾನು ದಾಸನು, ಎಂದಾಗುವದು. ಕೊಡುವವನು ಮೇಲಿನವನು, ಕೊಳ್ಳುವವನು ಕೆಳಗಿನವನು ಎಂಬ ಭಾವವು ದಾನದಲ್ಲಿ ಸುಳಿಯಬಹುದು. ದಾಸೋಹದಲ್ಲಿ ಕೊಡುವವನೇ ಬಾಗಿರುತ್ತಾನೆ. ಮಠದ ಪಂಕ್ತಿಯಲ್ಲಿ ಕುಳಿತಾಗ ಈ ತತ್ತ್ವವನ್ನು ಒಪ್ಪದವರಿಲ್ಲ. ಹಬ್ಬದ ದಿನ ಬೀಗರ ಮನೆಗೆ ಹೊರಡುವ ಬುತ್ತಿಯ ವಿಷಯದಲ್ಲಿ ಮಾತ್ರ ಇದು ನೆನಪಿಗೆ ಬರುವದು ಅಪರೂಪ.

ದೂಧಗಂಗೆಯ ದಂಡೆಯ ಏಕಸಂಬಿಯಿಂದ ಹಿಡಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳವರೆಗಿನ ಒಕ್ಕಲು ಮನೆಗಳ ಲೆಕ್ಕವನ್ನು ನೋಡಿದರೆ, ಹಬ್ಬವೂ ಹಣವೂ ಒಂದೇ ಕಾಲಕ್ಕೆ ಬರುವದು ಕಡಿಮೆ. ಪಂಚಮಿ ಶ್ರಾವಣದಲ್ಲಿ ಬರುವದು. ಅಷ್ಟರೊಳಗೆ ಕೈಯಲ್ಲಿದ್ದುದು ಬೀಜ-ಗೊಬ್ಬರಗಳಿಗೆ ಹೋಗಿರುತ್ತದೆ. ದಸರೆ-ದೀಪಾವಳಿಗಳಲ್ಲಿ ಕಬ್ಬು ಬಹುಮಟ್ಟಿಗೆ ಹೊಲದಲ್ಲಿಯೇ ನಿಂತಿರುತ್ತದೆ. ಅದು ಕಾರಖಾನೆಯನ್ನು ಸೇರಿ ಬಿಲ್ಲು ಕೈಗೆ ಬರುವದು ಆಮೇಲಿನ ಮಾತು. ಆದರೂ ಮಗಳು ತವರಿಗೆ ಬಂದಿದ್ದಾಳೆ, ಅಳಿಯನು ಕರೆಯಲು ಬರುವನು, ಬರಿಗೈಯಲ್ಲಿ ಕಳುಹುವದೆಂತು? ಇಲ್ಲಿಯೇ ಸಾಲದ ಚೀಟಿ ಹುಟ್ಟುವದು. ಜರಿಯ ಸೀರೆ, ಪೇಟೆಯ ಮಿಠಾಯಿಯ ಪೆಟ್ಟಿಗೆ, ಹೊಳೆಯುವ ಪಾತ್ರೆ, ಇವುಗಳನ್ನು ಬಡ್ಡಿಯ ಹಣದಿಂದ ಕೊಂಡು ಕಳುಹಿದ ತಂದೆಯು ಮುಂದಿನ ಪಂಚಮಿಯವರೆಗೆ ಅದನ್ನು ತೀರಿಸುತ್ತಿರುತ್ತಾನೆ. ಕಳುಹದಿದ್ದರೆ ಮಗಳು ಅತ್ತೆಯ ಮನೆಯ ಅಡಿಗೆಯ ಕೋಣೆಯಲ್ಲಿ ಮಾತು ಕೇಳಬೇಕಾಗುವದು. ಬುತ್ತಿಯ ಭಾರದಿಂದ ಸೊಸೆಯ ಬೆಲೆಯನ್ನು ಅಳೆಯುವ ಮನೆಗಳು ಲಿಂಗವಂತರಲ್ಲಿಯೂ ಇವೆಯೆಂಬುದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮಗಳ ಪ್ರಸಂಗವನ್ನು ಈ ಸಂದರ್ಭದಲ್ಲಿ ಮನನ ಮಾಡತಕ್ಕದ್ದು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನ ಕಾಯಕ. ಅದರಿಂದಲೇ ಆ ದಂಪತಿಗಳ ಜಂಗಮದಾಸೋಹ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ನಿತ್ಯಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ತಮ್ಮದಲ್ಲವೆಂದು ತಿಳಿದು, ಅದನ್ನು ಆಯ್ದ ಸ್ಥಳದಲ್ಲಿಯೇ ಚೆಲ್ಲಿ ಬರಲು ಪತಿಗೆ ಹೇಳಿದಳು. ಉಳಿದ ಅಲ್ಪದಿಂದಲೇ ಅಸಂಖ್ಯ ಜಂಗಮರ ದಾಸೋಹ ನಡೆಯಿತೆಂದು ಆ ಕಥನವು ಹೇಳುವದು.

ಇದನ್ನು ಬರಿಯ ಪವಾಡವೆಂದು ಓದಿ ಮುಗಿಸುವವರೇ ಹೆಚ್ಚು. ಲಕ್ಕಮ್ಮನು ದಾಸೋಹವನ್ನು ನಿಲ್ಲಿಸಲಿಲ್ಲ. ದಾಸೋಹಕ್ಕಾಗಿಯಾದರೂ ಕಾಯಕದ ಅಳತೆಯನ್ನು ಮೀರಬಾರದೆಂದಳು, ಅಷ್ಟೆ. ‘ಜಂಗಮಕ್ಕೆ ನೀಡಲೆಂದೇ ಹೆಚ್ಚು ತಂದೆ’ ಎಂಬ ಸಮಾಧಾನವು ಮಾರಯ್ಯನಿಗೆ ಸುಲಭವಾಗಿ ಸಿಕ್ಕಬಹುದಾಗಿತ್ತು. ‘ಮಗಳಿಗಾಗಿಯೇ ಸಾಲ ಮಾಡಿದೆ’ ಎಂಬ ಗೃಹಸ್ಥನ ಸಮಾಧಾನವೂ ಇದೇ ಜಾತಿಯದು. ಉದ್ದೇಶವು ಒಳ್ಳೆಯದೆಂದ ಮಾತ್ರಕ್ಕೆ ಬಂದ ದಾರಿಯು ಶುದ್ಧವಾಗುವದಿಲ್ಲ.

ಹಾಗಾದರೆ ಕೊಡುವದೇನು? ಈ ಪ್ರಾಂತದ ಹಿರಿಯರು ಇದಕ್ಕೆ ಉತ್ತರವನ್ನು ಮನೆಯ ಕಣಜದಲ್ಲಿಯೇ ಇಟ್ಟಿದ್ದಾರೆ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು. ಶೇಂಗಾ ಹೋದ ಸುಗ್ಗಿಯದು. ಬೆಲ್ಲ ಈ ಸೀಮೆಯ ಕಬ್ಬಿನದು. ಸಂಕ್ರಾಂತಿಯಂತೂ ಮನೆಯ ಕೊಡುಗೆಗೆ ಹೇಳಿಮಾಡಿಸಿದ ಹಬ್ಬ. ಎಳ್ಳು-ಬೆಲ್ಲ, ಕಬ್ಬಿನ ತುಂಡು, ಕಡಲೆಯ ಗಿಡ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ. ಇವುಗಳಲ್ಲಿ ಪೇಟೆಯಿಂದ ಬರಲೇಬೇಕಾದುದು ಬಹಳವಿಲ್ಲ. ಕುಸುರೆಳ್ಳನ್ನು ಮಾಡುವ ತಾಯಂದಿರ ತಾಳ್ಮೆಯನ್ನು ನೋಡಬೇಕು. ಸಣ್ಣ ಕೆಂಡದ ಮೇಲೆ ಅಗಲವಾದ ಪಾತ್ರೆಯನ್ನಿಟ್ಟು, ಎಳ್ಳಿನ ಮೇಲೆ ಸಕ್ಕರೆಯ ಪಾಕವನ್ನು ತೊಟ್ಟುತೊಟ್ಟಾಗಿ ಬಿಟ್ಟು, ಬೆರಳುಗಳಿಂದ ಆಡಿಸುತ್ತ ಹೋಗಬೇಕು. ಪಾಕ ಹೆಚ್ಚಾದರೆ ಮುದ್ದೆ, ಬೆಂಕಿ ಹೆಚ್ಚಾದರೆ ಬಣ್ಣ ಕೆಟ್ಟಿತು. ಒಂದು ಹಿಡಿ ಎಳ್ಳಿಗೆ ಮುಳ್ಳು ಬರುವಷ್ಟರಲ್ಲಿ ತಾಸುಗಟ್ಟಲೆ ಕಾಲ ಸಲ್ಲುತ್ತದೆ. ಆ ಒಂದು ಚಮಚೆ ಕುಸುರೆಳ್ಳಿನಲ್ಲಿ ಕೊಟ್ಟವಳ ಕಾಯಕವು ಕಣ್ಣಿಗೆ ಕಾಣುವದು.

ಕೌದಿಯ ಮಾತೂ ಹೀಗೆಯೇ. ಚೊಚ್ಚಲ ಬಾಣಂತಿಯನ್ನು ಗಂಡನ ಮನೆಗೆ ಕಳುಹುವಾಗ ತೊಟ್ಟಿಲು, ಕುಲಾಯಿ, ಕುಂಚಿಗೆಗಳೊಡನೆ ಕೌದಿಯೂ ಹೋಗುವದು. ಅಜ್ಜಿಯ ಹಳೆಯ ಸೀರೆ, ಅಜ್ಜನ ಧೋತರ ಪದರಪದರವಾಗಿ ಹರಡಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ನಾಲ್ಕು ಜನ ಹೆಣ್ಣುಮಕ್ಕಳು ಸುತ್ತಲೂ ಕುಳಿತು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುವರು. ‘ಉಡುಗೊರೆ’ ಎಂಬ ಮಾತಿನಲ್ಲಿಯೇ ‘ಉಡು’ ಎಂಬ ಧಾತು ಕೇಳಿಬರುವದು. ಉಟ್ಟು ಮೆತ್ತಗಾದ ಬಟ್ಟೆಗಿಂತ ಕೂಸಿನ ಮೈಗೆ ಹಿತವಾದ ಉಡುಗೊರೆ ಯಾವ ಅಂಗಡಿಯಲ್ಲಿದೆ?

ವಿಜಯದಶಮಿಯ ಬನ್ನಿಯು ಎಲ್ಲಕ್ಕೂ ಮಿಗಿಲಾದುದು. ಕೊಡುವದು ಎಲೆ, ಹೆಸರು ಬಂಗಾರ. ಗಡಿಯ ಆಚೆ ಮರಾಠಿ ಮಾತಿನವರು ಆಪಟಾ ಎಂಬ ಜೋಡೆಲೆಯನ್ನು ಇದೇ ‘ಸೋನೆ’ ಎಂಬ ಹೆಸರಿನಿಂದ ಕೊಡುವರು. ಬಂಗಾರದಂತೆ ಬಾಳೋಣವೆಂದು ಹೇಳಿ ಕಿರಿಯರು ಹಿರಿಯರ ಪಾದ ಮುಟ್ಟುವರು. ವರ್ಷದಿಂದ ಮಾತು ಬಿಟ್ಟವರೂ ಆ ದಿನ ಮಾತನಾಡಬಲ್ಲರು. ಈಚೆಗೆ ಟೊಂಗೆಟೊಂಗೆಗಳನ್ನೇ ಕಡಿದು ತಂದು ಮಾರುವದುಂಟು. ನಾಲ್ಕು ಎಲೆಗಾಗಿ ಗಿಡವನ್ನು ಬೋಳಿಸುವದು ಯಾವ ಹಬ್ಬ?

ಇಲ್ಲಿ ಒಂದು ಸಂದೇಹ ಬರಬಹುದು. ಇದು ಜಿಪುಣತನಕ್ಕೆ ಧರ್ಮದ ಹೊದಿಕೆಯಲ್ಲವೆ? ಅಲ್ಲ. ಜಿಪುಣನು ಇದ್ದೂ ಕೊಡನು. ಲಕ್ಕಮ್ಮನು ಇದ್ದುದರಲ್ಲಿ ಕೊಡದೆ ಇರಳು. ಹೊಲ-ಮನೆ ಚೆನ್ನಾಗಿದ್ದವನು ನೆರೆಯ ಬಡ ಕೂಲಿಕಾರನ ಮನೆಗೆ ನಾಲ್ಕು ಉಂಡಿಗಳನ್ನು ಮುಟ್ಟಿಸಿ ‘ಶರಣರ ಮಿತವ್ಯಯ’ ಎಂದರೆ ಅದು ಆತ್ಮವಂಚನೆ. ಅವನ ಅಳತೆ ಬೇರೆ.

ಎರಡನೆಯ ಸಂದೇಹವು ಇದಕ್ಕಿಂತ ತೂಕದ್ದು. ಮನೆಯಲ್ಲಿ ಮಾಡಿದ ಕೊಡುಗೆಯೆಂದರೆ ಹಣ ಉಳಿಯಿತು, ಆದರೆ ತಾಯಿಯ ನಿದ್ದೆ ಹೋಯಿತು. ಹುರಿಯುವವಳು, ಕುಟ್ಟುವವಳು, ಪಾಕ ಹಿಡಿಯುವವಳು ಒಬ್ಬಳೇ. ಮಿತವ್ಯಯದ ಕೀರ್ತಿ ಯಜಮಾನನಿಗೆ. ಇದಕ್ಕೆ ಶರಣಧರ್ಮದಲ್ಲಿ ಸಮರ್ಥನೆಯಿಲ್ಲ. ಕಾಯಕವು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಂಬ ತಾರತಮ್ಯವನ್ನು ಒಪ್ಪದ ಮಾರ್ಗವಿದು. ಪಂಚಮಿಯ ಮುಂಚಿನ ವಾರ ಯಜಮಾನನು ಕಟ್ಟೆಯ ಮಾತನ್ನು ಕಡಿಮೆ ಮಾಡಿ ಶೇಂಗಾ ಸುಲಿಯಲಿ. ಮಕ್ಕಳು ಸಿಪ್ಪೆ ಕೇರಲಿ, ಬೆಲ್ಲ ಜಜ್ಜಲಿ. ಅದೂ ಆಗದಿದ್ದರೆ ಉಂಡಿಯ ಬಗೆಗಳನ್ನು ಕಡಿಮೆ ಮಾಡಬೇಕಲ್ಲದೆ ಆಕೆಯ ದುಡಿತವನ್ನು ಹೆಚ್ಚಿಸಲಾಗದು.

ಮದುವೆಯ ಆಯಾರದ ವಿಷಯದಲ್ಲಿ ಸರಕಾರದ ನಿಯಮವೂ ಇದೇ ಅಳತೆಯನ್ನು ಹಿಡಿದಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು 1984ರಲ್ಲಿ ತಿದ್ದಿದಾಗ, ಬೇಡಿಕೆಯಿಲ್ಲದೆ ಕೊಟ್ಟ ಕೊಡುಗೆಗಳಿಗೆ ವಿನಾಯಿತಿ ಕೊಟ್ಟು, ಹೆಣ್ಣಿನ ಕಡೆಯವರು ಕೊಡುವದು ರೂಢಿಯದಾಗಿರಬೇಕು, ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿರಬಾರದು ಎಂದಿತು. ಕೊಡುಗೆಗಳ ಯಾದಿಯನ್ನು ಬರೆದಿಡಬೇಕೆಂಬ ನಿಯಮವು 1985ರಲ್ಲಿ ಬಂದಿತು. ಕಾಯಿದೆಯ ಕೈ ಮದುವೆಯ ಚಪ್ಪರದವರೆಗೆ ನೀಡಬಹುದು. ಪ್ರತಿವರ್ಷದ ಬುತ್ತಿಯ ಗಂಟನ್ನು ಬಿಚ್ಚುವವಳು ಅತ್ತೆ. ಆದುದರಿಂದ ಈ ಪಾಠವು ಕೊಡುವ ತಂದೆಗಿಂತ ಮೊದಲು ಕೊಳ್ಳುವ ಮನೆಗೆ ಸಲ್ಲತಕ್ಕದ್ದು. ಗಂಟನ್ನು ಬಿಚ್ಚಿದ ಅತ್ತೆಯು ಉಂಡಿಗಳನ್ನು ಎಣಿಸದೆ ಮೊದಲು ಲಿಂಗಕ್ಕೆ ಅರ್ಪಿಸಿದರೆ ಅದು ಪ್ರಸಾದವಾಯಿತು. ಪ್ರಸಾದದಲ್ಲಿ ಹೆಚ್ಚು ಕಡಿಮೆಯನ್ನು ಯಾರೂ ಎತ್ತಿ ಆಡುವದಿಲ್ಲ.

ಬುತ್ತಿಯ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿಯೊಂದು ಈ ಭಾಗದ ಮನೆಗಳಲ್ಲಿದೆ. ಬೀಗತಿಯು ಅದರಲ್ಲಿ ಒಂದು ಹೆರಕು ಬೆಲ್ಲವನ್ನೋ ಒಂದು ಹಿಡಿ ಜೋಳವನ್ನೋ ಹಾಕಿ ಕಳುಹುವಳು. ಅದು ಮುಯ್ಯಿ ತೀರಿಸಿದ್ದಲ್ಲ. ಬಂದುದಕ್ಕೂ ಹೋದುದಕ್ಕೂ ತೂಕವಿಲ್ಲ. ಡಬ್ಬಿಯನ್ನು ತೆರೆದ ತಾಯಿಗೆ ಮಗಳು ಸುಖವಾಗಿದ್ದಾಳೆಂಬುದು ಆ ಬೆಲ್ಲದಿಂದಲೇ ತಿಳಿಯುವದು.